ಕಿಟಕಿ ಪಾಳಿ

ಮೇಸ್ತ್ರಿ ಬಾಯಲ್ಲಿ ಮೊಳೆ ಕಚ್ಚಿಕೊಂಡು ಸ್ಟೂಲಿನ ಮೇಲೆ ನಿಂತಿದ್ದ. ಒಂದೊಂದೇ ಮೊಳೆಯನ್ನು ತುಟಿಯಿಂದ ಕಿತ್ತು ಕಿಟಕಿಗೆ ಅಡ್ಡ ಇಟ್ಟ ಹಲಗೆಗೆ ಹೊಡೆಯುತ್ತಿದ್ದ. ಮೇಲಿನ ಹಲಗೆಗೆ ಆಕಾಶ ಹೋಯಿತು. ಅದರ ಕೆಳಗಿನದಕ್ಕೆ ಎದುರು ಕಟ್ಟಡದ ಬಾಲ್ಕನಿಗಳು ಹೋದವು. ಕೊನೆಯ ಹಲಗೆಗೆ ಬೀದಿಯೂ ಹೋಗಿ ಶೆಡ್ಡಿನೊಳಗೆ ಟ್ಯೂಬ್‌ಲೈಟಿನ ಬೆಳಕು ಮಾತ್ರ ಉಳಿಯಿತು. ಆ ಬೆಳಕಿನಲ್ಲಿ ಹತ್ತಿಯ ಧೂಳು ನಿಂತಲ್ಲೇ ನಿಂತಿತ್ತು.

ಯಂತ್ರವನ್ನು ಯಾರೂ ನಿಲ್ಲಿಸಿರಲಿಲ್ಲ. ನನ್ನ ಕೈ ತನ್ನ ಪಾಡಿಗೆ ಹತ್ತಿ ಹರಿದು ಅದರ ಬಾಯಿಗೆ ಕೊಡುತ್ತಿತ್ತು. ಕಣ್ಣು ಮಾತ್ರ ಕಿಟಕಿಯ ಕಡೆ.

"ಏನಯ್ಯಾ ಮೇಸ್ತ್ರಿ, ಹೆಣದ ಪೆಟ್ಟಿಗೆ ಮಾಡ್ತಿದೀಯಾ?" ಕತ್ತರಿ ಅಕ್ಕ ಕೂಗಿದಳು. ಯಂತ್ರದ ಸದ್ದಿನಲ್ಲಿ ಕೂಗದೆ ಏನೂ ಕೇಳುವುದಿಲ್ಲ. "ನಮ್ಮ ಅಳತೆನೇ ತಗೊಂಡಿಲ್ವಲ್ಲ."

ಅವನ ಬಾಯಲ್ಲಿ ಇನ್ನೂ ಮೊಳೆಗಳಿದ್ದವು. ಸುಮ್ಮನಿರಲು ಅದೇ ನೆಪವಾಯಿತು. ಕೆಲಸ ಮುಗಿದ ಮೇಲೆ ಸ್ಟೂಲು ಹೊತ್ತುಕೊಂಡು ಹೋಗುತ್ತಾ, ಯಜಮಾನರು ಹೇಳಿದ್ದು, ಎದುರು ಮನೆಯವರ ದೂರು, ನನ್ನನ್ನು ಕೇಳಿದರೆ ನಾನೇನು ಮಾಡಲಿ ಎಂದು ಗೋಡೆಯನ್ನು ನೋಡಿಕೊಂಡು ಹೇಳಿದ. ನಮ್ಮ ಮುಖ ನೋಡಲಿಲ್ಲ.

ನಮ್ಮದು ಹಾಸಿಗೆ ಶೆಡ್ಡು. ಹಳೆಯ ಹಾಸಿಗೆಗಳು ಲಾರಿಯಲ್ಲಿ ಬರುತ್ತವೆ. ಆಸ್ಪತ್ರೆಯವು, ಹಾಸ್ಟೆಲಿನವು, ಲಾಡ್ಜಿನವು, ಸತ್ತವರ ಮನೆಯವು. ಕತ್ತರಿ ಅಕ್ಕ ಹೊಲಿಗೆ ಬಿಚ್ಚುತ್ತಾಳೆ. ಹಾಸಿಗೆಯ ಹೊಟ್ಟೆ ಸೀಳುವುದರಲ್ಲಿ ಅವಳ ಸಮ ಯಾರೂ ಇಲ್ಲ, ಅದಕ್ಕೇ ಆ ಹೆಸರು. ಒಳಗಿನ ಹತ್ತಿ ಗಂಟುಗಟ್ಟಿ ಕಲ್ಲಾಗಿರುತ್ತದೆ. ನಾನು ಅದನ್ನು ಕೈಯಿಂದ ಹರಿದು ಯಂತ್ರಕ್ಕೆ ಹಾಕುತ್ತೇನೆ. ಯಂತ್ರದ ಒಳಗೆ ಹಲ್ಲುಗಳಿರುವ ಉರುಳೆ ತಿರುಗುತ್ತದೆ. ಇನ್ನೊಂದು ಕಡೆಯಿಂದ ಹತ್ತಿ ಅರಳಿಕೊಂಡು, ಬೆಳ್ಳಗೆ, ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು ಬರುತ್ತದೆ. ಅಲ್ಲಿ ಕೂತ ಹೆಂಗಸರು ಅದನ್ನು ಹೊಸ ಬಟ್ಟೆಗೆ ತುಂಬಿ ಹೊಲಿಯುತ್ತಾರೆ. ಹೊಸ ಹಾಸಿಗೆ ಎಂದು ಅಂಗಡಿಗೆ ಹೋಗುತ್ತದೆ.

ಹಳೆಯದು ಹೊಸದಾಗುವ ನಡುವೆ ಏನು ಕಳೆಯುತ್ತದೋ ಅದು ನಮ್ಮ ಪಾಲು. ಯಾರದೋ ಬೆವರು, ಯಾರದೋ ಸತ್ತ ಚರ್ಮ, ಮಕ್ಕಳ ಉಚ್ಚೆ, ರೋಗಿಗಳ ಕೀವು, ತಿಗಣೆಯ ಸಿಪ್ಪೆ. ಎಲ್ಲವೂ ಒಣಗಿ, ಪುಡಿಯಾಗಿ, ಗಾಳಿಗೆ ಏರುತ್ತದೆ. ನಾವು ಎಳೆದುಕೊಳ್ಳುತ್ತೇವೆ.

ಶೆಡ್ಡಿನಲ್ಲಿ ನನ್ನ ಹೆಸರು ಸೀಟಿ. ಉಸಿರು ಬಿಟ್ಟರೆ ಎದೆಯಲ್ಲಿ ಸೀಟಿ ಊದಿದ ಹಾಗಾಗುತ್ತದೆ. ಊಟದ ಹೊತ್ತಿಗೆ ಯಂತ್ರ ನಿಂತಾಗ ಎಲ್ಲರಿಗೂ ಕೇಳುತ್ತದೆ. ರೈಲು ಬಂತು, ಹತ್ಕೊಳ್ಳಿ ಎಂದು ಹೊಲಿಯುವ ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗು ಜಾಸ್ತಿಯಾದರೆ ಕೆಮ್ಮು ಬರುತ್ತಿತ್ತು, ಕೆಮ್ಮು ಬಂದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆಗ ಅವರೇ ಬೆನ್ನು ಸವರುತ್ತಿದ್ದರು.

ಆ ಕಿಟಕಿಗೆ ಒಂದು ಪದ್ಧತಿಯಿತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ನಾನು ಬರುವ ಮೊದಲೇ ಇತ್ತು. ಒಂದು ಹಾಸಿಗೆ ಮುಗಿದು ಇನ್ನೊಂದು ಬಿಚ್ಚುವ ನಡುವಿನ ಪುರುಸೊತ್ತಿನಲ್ಲಿ ಒಬ್ಬರು ಹೋಗಿ ಕಿಟಕಿಗೆ ಮುಖ ಕೊಟ್ಟು ನಿಲ್ಲಬೇಕು. ಮುಂದಿನ ಹಾಸಿಗೆಗೆ ಇನ್ನೊಬ್ಬರು. ಕಿಟಕಿ ಪಾಳಿ ಎಂದು ಕರೆಯುತ್ತಿದ್ದೆವು. ಮೇಸ್ತ್ರಿ ಕಂಡೂ ಕಾಣದ ಹಾಗೆ ಇರುತ್ತಿದ್ದ. ಹೋದವರು ಬರಿಗೈಲಿ ವಾಪಸ್ಸು ಬರುವಂತಿಲ್ಲ. ಹೊರಗೆ ಏನು ಕಂಡಿತು ಎಂದು ಬಂದು ಹೇಳಬೇಕು. ಹಸಿರು ಕಾರು ಮತ್ತೆ ಬಂದಿದೆ. ಹಳದಿ ಮನೆಯವನು ಹೆಂಡತಿಯ ಸೀರೆ ಒಣಗಿ ಹಾಕುತ್ತಿದ್ದಾನೆ, ಅವಳು ಒಳಗಿಂದ ಬೈಯುತ್ತಿದ್ದಾಳೆ. ಸುದ್ದಿ ಸಪ್ಪೆಯಾಗಿದ್ದರೆ ಕತ್ತರಿ ಅಕ್ಕ, ಗಾಳಿ ಕುಡಿದು ಬಂದು ಇಷ್ಟೇನಾ ಎಂದು ಮೂಗು ಮುರಿಯುತ್ತಿದ್ದಳು. ಹೀಗಾಗಿ ಕೆಲವರು ಕಣ್ಣಿಗೆ ಬೀಳದ್ದನ್ನೂ ಕಟ್ಟಿ ಹೇಳುತ್ತಿದ್ದರು. ಯಾರೂ ತಕರಾರು ಮಾಡುತ್ತಿರಲಿಲ್ಲ.

ನನ್ನ ಉಸಿರು ಕೆಟ್ಟ ದಿನ ಬೇರೆಯವರು ತಮ್ಮ ಪಾಳಿ ನನಗೆ ಬಿಟ್ಟುಕೊಡುತ್ತಿದ್ದರು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಕತ್ತರಿ ಅಕ್ಕ ಗಲ್ಲದಿಂದ ಕಿಟಕಿಯ ಕಡೆ ತೋರಿಸುತ್ತಿದ್ದಳು, ನಾನು ಎದ್ದು ಹೋಗುತ್ತಿದ್ದೆ.

ಕಿಟಕಿಗೆ ಹಲಗೆ ಹೊಡೆಯುವ ಹಿಂದಿನ ದಿನ ಎದುರು ಕಟ್ಟಡದ ಹೆಂಗಸು ಬಂದಿದ್ದಳು. ಬಾಲ್ಕನಿಯಮ್ಮ ಎಂದು ನಾವು ಇಟ್ಟ ಹೆಸರು, ಕಿಟಕಿಯಿಂದ ದಿನಾ ಕಾಣುತ್ತಿದ್ದಳಲ್ಲ. ಬಾಗಿಲಲ್ಲಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ನಿಂತಳು. ಜಗಳಕ್ಕೆ ಬಂದವಳಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ಯಜಮಾನನಿಗೆ ಕೈ ಮುಗಿದೇ ಮಾತು ಶುರು ಮಾಡಿದಳು. ಮಗಳಿಗೆ ಅಸ್ತಮಾ. ಮನೆಯಲ್ಲಿದ್ದ ಕಾರ್ಪೆಟ್ಟು ತೆಗೆದಿದ್ದಾಳೆ, ಪರದೆ ಕಿತ್ತಿದ್ದಾಳೆ, ಬೆಕ್ಕನ್ನು ಅಕ್ಕನ ಮನೆಗೆ ಕಳಿಸಿದ್ದಾಳೆ. ಹಾಸಿಗೆ ಬಟ್ಟೆಯನ್ನು ಕುದಿಯುವ ನೀರಲ್ಲಿ ಒಗೆಯುತ್ತಾಳೆ. ಮಗಳ ಬಟ್ಟೆಯ ಗೊಂಬೆಯನ್ನು ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟು, ಧೂಳಿನ ಹುಳ ಸತ್ತ ಮೇಲೆ ಕೊಡುತ್ತಾಳೆ. ಸೆಂಟು ಹಾಕಿಕೊಳ್ಳುವುದನ್ನು ಗಂಡ ಬಿಟ್ಟಿದ್ದಾನೆ. ಇಷ್ಟೆಲ್ಲ ಮಾಡಿದರೂ ನಿಮ್ಮ ಕಿಟಕಿಯಿಂದ ಹತ್ತಿ ಹಾರಿ ಬಂದು ನಮ್ಮ ಬಾಲ್ಕನಿಯ ಸರಳಿಗೆ ಅಂಟುತ್ತದೆ, ಮಗು ಉಸಿರಿಗೆ ಒದ್ದಾಡುತ್ತದೆ ಎಂದಳು.

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಕಷ್ಟ. ನಾನು ಹತ್ತಿ ಹರಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಅವಳು ಪರ್ಸಿನಿಂದ ಮಗಳ ಉಸಿರಿನ ಪಂಪು ತೆಗೆದು ಯಜಮಾನನಿಗೆ ತೋರಿಸಿದಳು. ನನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪಂಪೂ ಅದೇ ಬಣ್ಣದ್ದು. ಅವಳ ಕಣ್ಣು ಅದರ ಮೇಲೆ ಬಿತ್ತು. ಬಿದ್ದು, ಅಲ್ಲಿಂದ ಜಾರಿ, ಯಜಮಾನನ ಮುಖಕ್ಕೆ ವಾಪಸ್ಸು ಹೋಯಿತು.

ಯಜಮಾನ ಬಾಗಿಲವರೆಗೂ ಬಂದು ಅವಳನ್ನು ಬೀಳ್ಕೊಟ್ಟ. ನಮ್ಮ ಜೊತೆ ಮಾತಾಡುವಾಗ ಅವನ ದನಿಯಲ್ಲಿ ಅಷ್ಟು ಸಕ್ಕರೆ ಯಾವತ್ತೂ ಇರಲಿಲ್ಲ.

ಉಬ್ಬಸವನ್ನು ಹೇಗೆ ನೋಡಿಕೊಳ್ಳಬೇಕು ಎಂದು ನನಗೂ ಹೇಳಿದ್ದರು. ದೊಡ್ಡಾಸ್ಪತ್ರೆಯ ಡಾಕ್ಟರು ಒಳ್ಳೆಯವರೇ. ಒಂದು ಪಂಪು ದಿನಾ ಬೆಳಿಗ್ಗೆ ಸಂಜೆ, ಚೆನ್ನಾಗಿದ್ದರೂ ಬಿಡಬಾರದು. ಇನ್ನೊಂದು ಉಸಿರು ಕಟ್ಟಿದಾಗ ಮಾತ್ರ. ಹೊಗೆ ಬೇಡ, ಥಂಡಿ ಗೋಡೆ ಬೇಡ, ಹತ್ತಿ ದಿಂಬು ಬೇಡ, ಘಾಟು ವಾಸನೆ ಬೇಡ, ಧೂಳಿನ ಹತ್ತಿರ ಹೋಗಲೇಬೇಡ. ಅಷ್ಟು ಹೇಳಿ ಮುಂದಿನವರನ್ನು ಕರೆದರು. ಏನು ಕೆಲಸ ಮಾಡುತ್ತೀ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಬಿಟ್ಟುಬಿಡು ಅನ್ನುತ್ತಾರೆ. ಬಿಟ್ಟು ಏನು ತಿನ್ನಲಿ ಎಂದು ನಾನು ಕೇಳಬೇಕಾಗುತ್ತದೆ. ಇಬ್ಬರಿಗೂ ಮುಜುಗರ.

ನಮ್ಮಮ್ಮ ಮಾತ್ರ ಡಾಕ್ಟರ ಮಾತನ್ನು ಅಕ್ಷರ ಬಿಡದೆ ಪಾಲಿಸಿದಳು. ಇರುವುದೊಂದು ಕೋಣೆ. ಒಲೆಯನ್ನು ಹೊರಗೆ ಮೆಟ್ಟಿಲ ಕೆಳಗೆ ಇಟ್ಟಳು. ಮಳೆ ಬಂದರೆ ತಲೆ ಮೇಲೆ ತಗಡು ಹಿಡಿದುಕೊಂಡು ಬೇಯಿಸುತ್ತಾಳೆ. ಗೋಡೆಗೆ ಬೂಷ್ಟು ಬಂದಲ್ಲೆಲ್ಲ ಸುಣ್ಣ ಬಳಿಯುತ್ತಾಳೆ, ಅದು ಮತ್ತೆ ಬರುತ್ತದೆ, ಮತ್ತೆ ಬಳಿಯುತ್ತಾಳೆ. ಪಕ್ಕದ ಮನೆಯವರು ಕಸಕ್ಕೆ ಬೆಂಕಿ ಹಚ್ಚಿದರೆ ಕೊಡದಲ್ಲಿ ನೀರು ತುಂಬಿಕೊಂಡು ಹೋಗಿ ಸುರಿದು ಬರುತ್ತಾಳೆ. ಆ ಮನೆಯವರಿಗೂ ನಮಗೂ ಈಗ ಮಾತಿಲ್ಲ. ಪ್ಲಾಸ್ಟಿಕ್ ಚಾಪೆಯ ಮೇಲೆ ಮಲಗುತ್ತೇನೆ. ಊರಿಗೆಲ್ಲ ಹಾಸಿಗೆ ಮಾಡುವವಳಿಗೆ ಹಾಸಿಗೆ ಆಗದು.

ಕೆಲಸದಿಂದ ಬಂದ ಕೂಡಲೇ ಅಮ್ಮ ನನ್ನನ್ನು ಒಳಗೆ ಬಿಡುವುದಿಲ್ಲ. ಬಚ್ಚಲ ತಟ್ಟಿಯ ಹಿಂದೆ ಬಟ್ಟೆ ಬಿಚ್ಚಿಸಿ, ತಲೆಗೆ ಬಿಸಿನೀರು ಹೊಯ್ದು, ಮೂಗು ಕಿವಿ ತೊಳೆಸಿ, ಒಗೆದ ಸೀರೆ ಕೊಟ್ಟು ಆಮೇಲೆ ಒಳಗೆ ಕರೆಯುತ್ತಾಳೆ. "ನಿನ್ನ ಮೈಮೇಲೆ ಊರವರೆಲ್ಲ ಮಲಗಿ ಎದ್ದು ಹೋದ ಹಾಗಿದೆ," ಎಂದು ಒಂದು ದಿನ ಬೈದಳು. ಬೈದ ಮೇಲೆ ಮಾತಿನ ಅರ್ಥ ಹೊಳೆದು ತಾನೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬೆತ್ತಲೆ ನಿಂತು ನಕ್ಕೆ. ಅವಳೂ ನಕ್ಕಳು. ನೀರು ಹೊಯ್ಯುತ್ತಲೇ ಇದ್ದಳು.

ಪಂಪನ್ನು ಬಾಯಿಗಿಟ್ಟು ಒತ್ತಿದರೆ ಅರ್ಧ ನಾಲಿಗೆಯ ಮೇಲೆ ಕೂರುತ್ತದೆ, ಎದೆಗೆ ಇಳಿಯುವುದಿಲ್ಲ. ಅದಕ್ಕೆ ಒಂದು ಕೊಳವೆ ಬೇಕು. ಆಸ್ಪತ್ರೆಯಲ್ಲಿ ಮುಗಿದುಹೋಗಿತ್ತು. ಖಾಲಿ ನೀರಿನ ಬಾಟಲಿಯ ತಳಕ್ಕೆ ತೂತು ಮಾಡಿ ಪಂಪು ಸಿಕ್ಕಿಸಿ, ಬಾಟಲಿಯ ಬಾಯಿಂದ ನಿಧಾನಕ್ಕೆ ಎಳೆದುಕೋ ಎಂದು ಅಲ್ಲಿನ ನರ್ಸಮ್ಮ ಹೇಳಿಕೊಟ್ಟಿದ್ದಳು. ಕತ್ತರಿ ಅಕ್ಕ ಚಾಕು ಕಾಯಿಸಿ ತೂತು ಮಾಡಿಕೊಟ್ಟಳು. ಶೆಡ್ಡಿನಲ್ಲಿ ನಾನು ಬಾಟಲಿ ಎತ್ತಿದಾಗಲೆಲ್ಲ, ನೋಡು, ಹಗಲು ಹೊತ್ತಲ್ಲೇ ಶುರು ಹಚ್ಚಿಕೊಂಡಳು ಎಂದು ಅವಳೇ ಮೊದಲು ಹಂಗಿಸುತ್ತಿದ್ದಳು.

ಕಿಟಕಿ ಹೋದ ಮೇಲೆ ಆ ತಮಾಷೆ ನಿಂತಿತು. ಸುದ್ದಿ ಹೇಳುವುದೂ ನಿಂತಿತು. ಹಾಸಿಗೆ ಮುಗಿದಾಗ ಅಭ್ಯಾಸಬಲದಿಂದ ಯಾರೋ ಎದ್ದು ನಿಲ್ಲುತ್ತಿದ್ದರು. ಹಲಗೆ ನೋಡಿ ಕೂರುತ್ತಿದ್ದರು.

ಬಾಗಿಲನ್ನಾದರೂ ತೆಗೆದಿಡಿ ಎಂದು ಕೇಳಿದೆವು. ಬಾಗಿಲು ರಸ್ತೆಗಿದೆ, ಹತ್ತಿ ಅಲ್ಲಿಂದಲೂ ಹಾರುತ್ತದೆ, ಮತ್ತೆ ದೂರು ಬರುತ್ತದೆ ಎಂದ ಯಜಮಾನ. ಧೂಳು ಎಳೆಯುವ ಫ್ಯಾನು ಹಾಕಿಸಿ, ಅದರ ಬಾಯಿಗೆ ಚೀಲ ಕಟ್ಟಿ, ಧೂಳು ಹೊರಗೂ ಹೋಗುವುದಿಲ್ಲ ಒಳಗೂ ಇರುವುದಿಲ್ಲ ಎಂದು ಕತ್ತರಿ ಅಕ್ಕ ಹೇಳಿದಳು. ಅವಳು ಹಿಂದೆ ಕೆಲಸ ಮಾಡಿದ ಕಡೆ ಅದಿತ್ತಂತೆ. ಯಜಮಾನ ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮರುದಿನ ಮಾಸ್ಕು ಕಳಿಸಿದ. ನೋಡಿದರೆ ನೀಲಿ ಗೆರೆಯ ಬಟ್ಟೆ. ನಾವೇ ಬಿಚ್ಚಿ ಎಸೆದ ಹಳೆ ಹಾಸಿಗೆಗಳ ಹೊದಿಕೆಯನ್ನು ಕತ್ತರಿಸಿ ಹೊಲಿಸಿದ್ದ. ಒಂದರ ಮೇಲೆ ಹಳದಿ ಕಲೆ ಹಾಗೇ ಇತ್ತು. ಕತ್ತರಿ ಅಕ್ಕ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಇದು ಯಾರು ಉಚ್ಚೆ ಹೊಯ್ದದ್ದೋ ನನಗೆ ಗೊತ್ತು ಎಂದಳು. ಯಾರಿಗೂ ನಗು ಬರಲಿಲ್ಲ.

ನೀರಿನ ಉಪಾಯ ಯಾರದೆಂದು ಈಗ ಹೇಳುವುದು ಕಷ್ಟ. ಎಲ್ಲರದೂ. ಅಂಗಳ ಗುಡಿಸುವ ಮೊದಲು ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲವಲ್ಲ, ಹಾಗೆ ಹತ್ತಿಗೂ ಚಿಮುಕಿಸಿದೆವು. ಬಿಚ್ಚಿದ ಹತ್ತಿಯ ರಾಶಿಗೆ ಬಿಂದಿಗೆಯಿಂದ ನೀರು ಹೊಡೆದು, ಕೈಯಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಯಂತ್ರಕ್ಕೆ ಹಾಕಿದೆವು. ಧೂಳು ನಿಜಕ್ಕೂ ಕಡಿಮೆಯಾಯಿತು. ಹೊಲಿಯುವ ಹೆಂಗಸರಲ್ಲಿ ಹೊಸಬಳೊಬ್ಬಳಿದ್ದಳು, ಎರಡು ಮಕ್ಕಳ ತಾಯಿ, ಬಂದು ಸ್ವಲ್ಪ ದಿನವಾಗಿತ್ತು. ಅವಳಂತೂ ನಮ್ಮನ್ನು ದೊಡ್ಡ ಇಂಜಿನಿಯರುಗಳ ಹಾಗೆ ನೋಡಿದಳು. ಎಲ್ಲ ಹತ್ತಿಯನ್ನೂ ನೆನೆಸತೊಡಗಿದೆವು. ಅವತ್ತಿಗೆ ಮುಗಿಯದೆ ಉಳಿದದ್ದನ್ನು ಮೂಲೆಗೆ ದಬ್ಬಿದೆವು. ಅದರ ಮೇಲೆ ಇನ್ನಷ್ಟು. ಅಡಿಯಲ್ಲಿದ್ದದ್ದು ಅಡಿಯಲ್ಲೇ ಉಳಿಯಿತು.

ಗಾಳಿಯಿಲ್ಲದ ಶೆಡ್ಡು. ಒದ್ದೆ ಹತ್ತಿ. ನಮ್ಮ ಕೋಣೆಯ ಗೋಡೆಯನ್ನು ದಿನಾ ನೋಡುವ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೇಲಿನ ರಾಶಿ ಕರಗಿ ಅಡಿಯ ಹತ್ತಿ ಕೈಗೆ ಬಂದ ದಿನ ಅದು ಬೆಚ್ಚಗಿತ್ತು. ಒಳಗೆ ಬೂದು ಬಣ್ಣ, ಹಳೆಯ ನೆಲಮಾಳಿಗೆಯ ವಾಸನೆ. ಮೇಲುಗಡೆ ಒಣಗಿತ್ತು. ಹರಿದು ಯಂತ್ರಕ್ಕೆ ಕೊಟ್ಟೆ. ಆ ಬದಿಯಿಂದ ಬಂದದ್ದು ಹತ್ತಿಯಲ್ಲ, ಹೊಗೆ. ಬೂಷ್ಟು ಪುಡಿಯಾಗಿ ಬೂದು ಮೋಡದ ಹಾಗೆ ಎದ್ದು ಟ್ಯೂಬ್‌ಲೈಟನ್ನು ಮುಚ್ಚಿತು. ಎಲ್ಲರೂ ಕೆಮ್ಮಿದರು.

ನಾನು ಬಾಟಲಿ ಎತ್ತಿದೆ. ಒಂದು ಸಲ ಒತ್ತಿ ಎಳೆದೆ. ಇನ್ನೊಂದು ಸಲ. ಒಳಗೆ ಹೋಗಲು ಜಾಗವಿರಲಿಲ್ಲ. ಎದೆಯೊಳಗೆ ಯಾರೋ ಗಂಟು ಹಾಕಿ ಎಳೆಯುತ್ತಿದ್ದರು. ಉಸಿರು ಒಳಗೆ ಬಂದದ್ದು ಹೊರಗೆ ಹೋಗುತ್ತಿರಲಿಲ್ಲ. ಹೊರಗೆ ಹೋಗದೆ ಹೊಸದು ಬರುವುದಿಲ್ಲ. ಇದು ಉಬ್ಬಸವಿಲ್ಲದವರಿಗೆ ತಿಳಿಯುವುದಿಲ್ಲ. ಮುಳುಗುತ್ತಿರುವವರು ನೀರಿಗೆ ಬೈಯಬಹುದು. ನಾನು ಗಾಳಿಯಲ್ಲಿ ಮುಳುಗುತ್ತಿದ್ದೆ. ಮಂಡಿಯ ಮೇಲೆ ಕೈಯೂರಿ ಬಗ್ಗಿದೆ. ಭುಜ ಕಿವಿಯವರೆಗೆ ಏರಿತ್ತು. ಕತ್ತಿನ ಗುಳಿ ಒಳಗೆ ಸೇರುತ್ತಿತ್ತು. ಉಗುರು ನೋಡಿದೆ, ಬಣ್ಣ ಸರಿಯಿರಲಿಲ್ಲ.

ಮೇಸ್ತ್ರಿ ಯಂತ್ರ ನಿಲ್ಲಿಸಿದ. ಒಮ್ಮೆಲೇ ಮೌನ. ಆ ಮೌನದಲ್ಲಿ ಸೀಟಿ ಕೇಳಬೇಕಿತ್ತು. ಕೇಳಲಿಲ್ಲ.

ಅದನ್ನು ಮೊದಲು ಗಮನಿಸಿದವಳು ಕತ್ತರಿ ಅಕ್ಕ. ಸೀಟಿ ನಿಂತರೆ ಆರಾಮಾಯಿತು ಎಂದು ಬೇರೆಯವರು ತಿಳಿಯುತ್ತಿದ್ದರು. ಅವಳು ನನ್ನ ಬೆನ್ನಿಗೆ ಕಿವಿಯಿಟ್ಟಳು, ಒಳಗೆ ಗಾಳಿ ಆಡುವ ಸದ್ದೇ ಇರಲಿಲ್ಲ. ಕಿವಿ ತೆಗೆದಾಗ ಅವಳ ಮುಖ ಬೇರೆಯಾಗಿತ್ತು. ಸ್ಪ್ರಿಂಗ್ ಹಾಸಿಗೆಯ ಚೌಕಟ್ಟು ಎಬ್ಬಲು ಒಂದು ಕಬ್ಬಿಣದ ಸಲಾಕೆಯಿದೆ. ಅದನ್ನು ಎತ್ತಿಕೊಂಡು ಕಿಟಕಿಯ ಕಡೆ ನಡೆದಳು. ಮೇಸ್ತ್ರಿ ಅಡ್ಡ ಬಂದು, ಬೇಡ ಕಣಮ್ಮ, ಯಜಮಾನರು ನನ್ನನ್ನ ಬಿಡಲ್ಲ ಎಂದ.

"ಪಕ್ಕಕ್ಕೆ ಹೋಗು. ಇಲ್ಲಾಂದ್ರೆ ಇದೇ ಸಲಾಕೆ ನಿಂಗೆ."

ಅವನು ಪಕ್ಕಕ್ಕೆ ಸರಿದ. ಅವಳು ಹಲಗೆಯ ಸಂದಿಗೆ ಸಲಾಕೆ ತುರುಕಿ ಮೈಭಾರ ಹಾಕಿದಳು. ಮೊಳೆಗಳು ಕಿರುಚಿಕೊಂಡು ಬಂದವು. ಒಂದು ಹಲಗೆ, ಇನ್ನೊಂದು. ಹೊಲಿಯುವ ಹೆಂಗಸರು ಬಂದು ಕೈಯಿಂದಲೇ ಕಿತ್ತರು. ಹೊಸಬಳ ಅಂಗೈಯಲ್ಲಿ ರಕ್ತ ಬಂತು. ನನ್ನನ್ನು ಎತ್ತಿ ತಂದು ತಲೆಯನ್ನು ಕಿಟಕಿಯ ಹೊರಗೆ ಇಟ್ಟರು. ಕತ್ತರಿ ಅಕ್ಕ ಬಾಟಲಿಯನ್ನು ನನ್ನ ತುಟಿಗೆ ಒತ್ತಿ, ಎಳಿ, ಎಳಿಯೇ ಮುಂಡೇದೇ, ಎಳಿ ಎನ್ನುತ್ತಿದ್ದಳು. ಬೈಗುಳದ ನಡುವೆ ಅಳುತ್ತಿದ್ದಳು. ನನ್ನ ತಲೆಯ ಮೇಲಿಂದ ಬೂದು ಹತ್ತಿ ಹೊರಗೆ ಹಾರುತ್ತಿತ್ತು.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಆಟೋದ ಸೀಟಿನ ಹರಿದ ರೆಕ್ಸಿನ್. ಆಸ್ಪತ್ರೆಯಲ್ಲಿ ಮೂಗಿಗೆ ಕಟ್ಟಿದ ಮುಸುಕು, ಅದರಿಂದ ಬರುವ ತಣ್ಣನೆಯ ಗಾಳಿ. ಆ ಗಾಳಿಗೆ ಯಾರ ವಾಸನೆಯೂ ಇರಲಿಲ್ಲ. ಅಮ್ಮ ಕಾಲ ಬಳಿ ಕೂತು ನನ್ನ ಪಾದದ ಬೆರಳುಗಳ ಸಂದಿಯಿಂದ ಹತ್ತಿಯ ಎಳೆ ತೆಗೆಯುತ್ತಿದ್ದಳು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿ ಅಮ್ಮನ ಮುಖ ನೋಡಿ ನಿಲ್ಲಿಸಿದರು. ಈ ಸಲ ಕೆಲಸ ಏನು ಎಂದು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟು, ಅಲ್ಲಿಗೆ ಸೇರುವ ಮೊದಲೂ ಉಸಿರಿನ ತೊಂದರೆ ಇತ್ತಾ ಎಂದರು.

ಇರಲಿಲ್ಲ. ಸಣ್ಣವಳಿದ್ದಾಗ ನಾನು ಬೀದಿಯ ಹುಡುಗರನ್ನೆಲ್ಲ ಓಟದಲ್ಲಿ ಸೋಲಿಸುತ್ತಿದ್ದೆ. ಸೀಟಿ ನನ್ನ ಜೊತೆ ಹುಟ್ಟಿದ್ದಲ್ಲ. ಶೆಡ್ಡಿನಲ್ಲಿ ಕೊಟ್ಟದ್ದು. ಅದನ್ನು ಅವತ್ತಿನವರೆಗೆ ನಾನು ಒಂದು ಮಾತಾಗಿ ಬಾಯಿಬಿಟ್ಟು ಹೇಳಿರಲಿಲ್ಲ.

ಚೇತರಿಸಿಕೊಂಡು ಶೆಡ್ಡಿಗೆ ಹೋದಾಗ ಕಿಟಕಿ ತೆರೆದೇ ಇತ್ತು. ಮುರಿದ ಹಲಗೆಗಳು ಗೋಡೆಗೆ ಒರಗಿದ್ದವು. ಮೇಸ್ತ್ರಿ ಮತ್ತೆ ಮೊಳೆ ತಂದಾಗ ಕತ್ತರಿ ಅಕ್ಕ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಹೊಡಿ, ಇದರ ಮೇಲೆ ಹೊಡಿ ಎಂದಳಂತೆ. ಹೊಲಿಯುವ ಹೆಂಗಸರೂ ಎದ್ದು ಬಂದು ಒಬ್ಬೊಬ್ಬರಾಗಿ ಅಂಗೈ ಇಟ್ಟರಂತೆ. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು, ಚಹ ಕುಡಿದು ಬರ್ತೀನಿ ಎಂದು ಹೋದವನು ಸಂಜೆಯವರೆಗೆ ಬರಲಿಲ್ಲವಂತೆ. ಹಾಸ್ಟೆಲುಗಳು ತೆರೆಯುವ ಕಾಲ, ಕೈತುಂಬ ಕೆಲಸ. ಯಜಮಾನನಿಗೆ ಎಲ್ಲರನ್ನೂ ಹೊರಗೆ ಹಾಕುವ ಧೈರ್ಯವಿರಲಿಲ್ಲ. ಒದ್ದೆ ಹತ್ತಿಯನ್ನು ಹೆಂಗಸರೇ ಹೊರಗೆ ಬಿಸಿಲಿಗೆ ಎಸೆದಿದ್ದರು.

ನಾನು ಕೂತ ಮೇಲೆ ಊಟದ ಹೊತ್ತು ಬಂತು. ಯಂತ್ರ ನಿಂತಿತು. ಸೀಟಿ ಕೇಳಿಸಿತು. ನಾನು ಉಸಿರು ಬಿಗಿಹಿಡಿದೆ. ಆದರೂ ಕೇಳಿಸುತ್ತಿತ್ತು. ಸಣ್ಣಗೆ, ಬಾಗಿಲ ಸಂದಿಯ ಗಾಳಿಯ ಹಾಗೆ. ತಲೆ ತಿರುಗಿಸಿ ನೋಡಿದೆ. ಹೊಸಬಳು ಡಬ್ಬಿ ಬಿಚ್ಚಿ ಕೂತಿದ್ದಳು. ತುತ್ತು ಬಾಯಿಗಿಡುವ ಮೊದಲು ನಿಲ್ಲಿಸಿ, ಉಸಿರೆಳೆದುಕೊಂಡು, ಆಮೇಲೆ ತಿನ್ನುತ್ತಿದ್ದಳು. ಅವಳಿಗೆ ಗೊತ್ತಾಗಿರಲಿಲ್ಲ. ನನ್ನದು ಶುರುವಾದಾಗ ನನಗೂ ಗೊತ್ತಾಗಿರಲಿಲ್ಲ.

ಆಗಲೇ ಮೇಸ್ತ್ರಿ ಬಂದು ಯಜಮಾನರು ಕರೆಯುತ್ತಿದ್ದಾರೆ ಎಂದ.

ಯಜಮಾನನ ಕೋಣೆಗೆ ಗಾಜಿನ ಬಾಗಿಲು. ಒಳಗೆ ತಣ್ಣಗಿತ್ತು. ಬಾಲ್ಕನಿಯಮ್ಮ ಕೂತಿದ್ದಳು. ನನಗೂ ಕುರ್ಚಿ ತೋರಿಸಿದ. ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. ಸೀರೆಯ ಹತ್ತಿ ಕುರ್ಚಿಗೆ ಅಂಟೀತೆಂದು ತುದಿಯಲ್ಲಿ ಕೂತೆ.

ಮೊದಲು ಯಜಮಾನ ನನ್ನ ಆರೋಗ್ಯ ವಿಚಾರಿಸಿದ. ಆಮೇಲೆ ಬಾಲ್ಕನಿಯಮ್ಮ ಮಾತಾಡಿದಳು. ಅವತ್ತು ಬಾಲ್ಕನಿಯಿಂದ ಎಲ್ಲ ನೋಡಿದಳಂತೆ. ಕಿಟಕಿಯಿಂದ ಹೊರಗೆ ನೇತುಬಿದ್ದ ನನ್ನ ತಲೆ ಕಣ್ಣಿನಿಂದ ಹೋಗುತ್ತಿಲ್ಲವಂತೆ. ಅದೇ ಬೂದು ಧೂಳಿಗೆ ಅವಳ ಮಗಳೂ ಆಸ್ಪತ್ರೆ ಸೇರಿ ಬಂದಳಂತೆ. ಮಗು ಈಗ ಆಟಕ್ಕೂ ಹೆದರುತ್ತದೆ, ಓಡುವುದಿಲ್ಲ ಎಂದಳು. ನನಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ನನ್ನ ಮನೆಗೆ ಬಾ ಎಂದಳು. ಮಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು. ಬಂದವರಿಗೆಲ್ಲ ಪಂಪು ಹಿಡಿಯುವುದನ್ನೇ ಹೇಳಿಕೊಡಬೇಕು, ಗಾಬರಿ ಬೀಳುತ್ತಾರೆ, ನಿನಗಾದರೆ ಹೇಳಿಕೊಡುವುದೇ ಬೇಡ. ಉಸಿರು ಕೆಡುವ ಮೊದಲೇ ನಿನಗೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಧೂಳಿಲ್ಲ, ಒದ್ದೆಯಿಲ್ಲ, ನಿನ್ನ ಔಷಧಿಯೂ ನಮ್ಮದೇ.

ಯಜಮಾನ ಮೇಜಿನ ಮೇಲೆ ಬಾಗಿದ.

"ನೋಡು, ಇಲ್ಲಿ ಕಾಯಿಲೆಯೋಳು ಅಂತ ಇರೋದು ನೀನೊಬ್ಬಳೇ. ನೀನು ಅಲ್ಲಿಗೆ ಹೋಗಿಬಿಟ್ರೆ ಕಿಟಕಿ ಯಾರಿಗೆ ಬೇಕು ಹೇಳು? ಹೋಗೋಕ್ ಮುಂಚೆ ಆ ಕತ್ತರಿಗೆ ಒಂದು ಮಾತು ಹೇಳಿಬಿಡು, ನಂಗೇನೂ ತಕರಾರಿಲ್ಲ, ಮುಚ್ಚಲಿ ಅಂತ. ನೀನು ಹೇಳಿದ್ರೆ ಕೇಳ್ತಾಳೆ."

ಅವನ ಮೇಲಿನ ಸಿಟ್ಟಿಗಿಂತ ನನ್ನ ಮೈಯ ಮೇಲೆ ಆಗ ಹೆಚ್ಚು ಸಿಟ್ಟು ಬಂತು. ಆ ಕೋಣೆಯಲ್ಲಿ ಕೂತಷ್ಟು ಹೊತ್ತು ಉಸಿರು ಸಲೀಸಾಗಿ ಆಡುತ್ತಿತ್ತು. ಎದೆ ತನ್ನಷ್ಟಕ್ಕೆ ಏರಿ ಇಳಿಯುತ್ತಿತ್ತು, ನಾನು ಅದನ್ನು ಕಾಯಬೇಕಿರಲಿಲ್ಲ. ದಿನವಿಡೀ ಹೀಗೇ ಇದ್ದರೆ ಹೇಗಿರುತ್ತದೆ ಎಂದು ಮೈ ಲೆಕ್ಕ ಹಾಕುತ್ತಿತ್ತು. ಅಮ್ಮ ಬಿಸಿನೀರು ಹೊಯ್ಯಬೇಕಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಿಲ್ಲ.

ಬಾಲ್ಕನಿಯಮ್ಮನ ಕಡೆ ತಿರುಗಿದೆ.

"ಅಮ್ಮಾ, ಧೂಳು ಎಳೆಯೋ ಫ್ಯಾನು ಅಂತ ಇರುತ್ತೆ. ಅದಕ್ಕೆ ಚೀಲ ಕಟ್ತಾರೆ. ನಿಮ್ಮ ಮಗೂಗೂ ಬರಲ್ಲ, ನಮಗೂ ಇರಲ್ಲ. ನಾವು ಕೇಳಿ ಸಾಕಾಯ್ತು. ನೀವು ಕೇಳಿ. ಕಿಟಕಿ ಮುಚ್ಚಿ ಅಂತ ನೀವಂದ ಮಾರನೇ ದಿನಾನೇ ಮುಚ್ಚಿಸಿದ್ರಲ್ಲ."

ಅವಳು ಯಜಮಾನನನ್ನು ನೋಡಿದಳು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಅದೆಲ್ಲ ಹೇಳಿದಷ್ಟು ಸುಲಭವಲ್ಲ, ಕಟ್ಟಡ ಹಳೆಯದು, ವೈರಿಂಗ್ ಬದಲಾಯಿಸಬೇಕು, ನೋಡೋಣ, ಮುಂದೆ ನೋಡೋಣ ಎಂದ.

"ಹಾಗಾದ್ರೆ ಅದಾಗೋವರೆಗೆ ಮುಚ್ಚಿರಲಿ," ಎಂದಳು ಅವಳು. ಮೆಲ್ಲಗೆ ಹೇಳಿದಳು.

"ಅಲ್ಲೀವರೆಗೂ ಒಳಗಿರೋರು?"

ಅವಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಗಾಜಿನ ಬಾಗಿಲಿನ ಆಚೆ ಯಂತ್ರ ಮತ್ತೆ ಶುರುವಾಯಿತು, ಕುರ್ಚಿಯ ಕಾಲು ನಡುಗಿತು. ಹೊಸಬಳು ಊಟ ಮುಗಿಸಿ ಯಂತ್ರದ ಆ ಬದಿಗೆ ಕೂತಿರಬೇಕು.

"ನಿನ್ನ ಜಾಗಕ್ಕೆ ಯಾರನ್ನೋ ನೋಡ್ಕೋತೀನಿ ಬಿಡು," ಯಜಮಾನ ಎಂದ. ನಾನು ಆ ಬಗ್ಗೆಯೇ ಚಿಂತಿಸುತ್ತಿದ್ದೇನೆ ಎಂದುಕೊಂಡಿರಬೇಕು. "ಆ ಹೊಸಬಳಿದಾಳಲ್ಲ, ಗಟ್ಟಿಮುಟ್ಟಾಗಿದಾಳೆ."

ಬಾಲ್ಕನಿಯಮ್ಮ ಮುಂದೆ ಬಾಗಿ ನನ್ನ ಕೈ ಹಿಡಿದಳು. ಅವಳ ಕೈ ಮೆತ್ತಗೆ, ಬೆಚ್ಚಗೆ ಇತ್ತು. ಸೋಪಿನ ವಾಸನೆ ಕೂಡ ಇರಲಿಲ್ಲ. ಅಷ್ಟು ಜಾಗ್ರತೆಯ ಕೈ.

"ನೀನಾದ್ರೂ ಉಳ್ಕೋಬೇಕು," ಅಂದಳು. "ಬಾ. ಇವತ್ತೇ ಬಂದುಬಿಡು."

ನಾನು ಕೈ ಬಿಡಿಸಿಕೊಂಡು ಎದ್ದೆ.

"ನಾನು ಬರಲ್ಲ," ಅಂದೆ. "ಇಲ್ಲಿ ಸೀಟಿ ಈಗ ನನ್ನೊಬ್ಬಳದೇ ಅಲ್ಲ. ಮುಚ್ಚಲಿ ಅಂತಾನೂ ಹೇಳಲ್ಲ."